ಹೊಲ ಪಾಲಿಗೆ ಕೊಡ್ತೀವಿ, ಪರಿಹಾರಕ್ಕಲ್ಲ

ನಾನು ಇರುವುದು ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ. ಒಂದು ರೂಮಿಗೆ ಮೂರು ಮಂಚ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಇಲ್ಲಿಗೆ ಬಂದು ವರ್ಷವಾದ ಮೇಲೆ ಗೊತ್ತಾಯಿತು, ಬಿಟಿಎಂ ಅನ್ನುವುದು ಯಾವುದೋ ಕಂಪನಿಯ ಹೆಸರಲ್ಲ ಅಂತ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳ ಮೊದಲ ಅಕ್ಷರ. ಒಂದು ಕಾಲಕ್ಕೆ ಹೊಲ, ಕೆರೆ ಇಟ್ಟುಕೊಂಡಿದ್ದ ಮೂರು ಊರುಗಳು ಈಗ ಬಸ್ಸಿನ ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರಗಳಾಗಿ ಓಡಾಡುತ್ತಿವೆ.

ಸುತ್ತಮುತ್ತ ಎಲ್ಲ ಕಡೆಯೂ ಇದೇ ಕಥೆ. 1948ರಲ್ಲಿ ಶುರುವಾದ ಜಯನಗರದ ಮಗ್ಗುಲಲ್ಲಿ ಸಿದ್ದಾಪುರ, ಯಡಿಯೂರು. ಜೆ.ಪಿ. ನಗರದ ಹೊಟ್ಟೆಯಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ. ಬನಶಂಕರಿಯ ಹೊಟ್ಟೆಯಲ್ಲಿ ಕತ್ರಿಗುಪ್ಪೆ, ಕದಿರೇನಹಳ್ಳಿ. ಊರಿನ ಹೆಸರು ಉಳಿದಿದೆ, ಊರದೇವತೆಯ ಗುಡಿ ಉಳಿದಿದೆ. ಹೊಲ ಇದ್ದ ಜಾಗದ ಬೆಲೆ ಇವತ್ತು ಚದರಡಿಯ ಲೆಕ್ಕದಲ್ಲಿ ಸಾವಿರಾರು ರೂಪಾಯಿ. ಆ ಬೆಲೆ ಏರುವ ಮೊದಲೇ ಹೊಲ ಕೊಟ್ಟವರ ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಒಂದು ಭಾನುವಾರ ಜಯನಗರದ ಪಾರ್ಕೊಂದರಲ್ಲಿ ಕೂತಿದ್ದೆ. ವಾಕಿಂಗ್ ಮುಗಿಸಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಮಾತಿಗೆಳೆದರು.

‘ಯಾವೂರಪ್ಪಾ ನಿಮ್ದು?’

‘ಕೊಪ್ಪಳದ ಕಡೆ ಸಾರ್.’

‘ಓಹೋ, ನಿಮ್ಮ ಕಡೆ ದೊಡ್ಡ ದೊಡ್ಡ ಸ್ಟೀಲ್ ಫ್ಯಾಕ್ಟರಿ ಬರ್ತಾ ಇವೆಯಂತಲ್ಲ. ನಿಮ್ಮ ಜನ ಯಾಕೆ ಬೇಡ ಅಂತಾರೆ? ಇನ್ವೆಸ್ಟ್‌ಮೆಂಟ್ ಇಲ್ದೆ ಉದ್ಧಾರ ಆಗೋದು ಹೆಂಗೆ? ನೀನೂ ಊರು ಬಿಟ್ಟು ಇಲ್ಲಿಗೆ ಬರಬೇಕಾಗಿರಲಿಲ್ಲ ನೋಡು.’

ಅವರು ಕೆಟ್ಟವರಲ್ಲ. ಎದ್ದು ಹೋಗುವಾಗ ಕಾಫಿ ಕೊಡಿಸಿದರು. ಅವರ ಪ್ರಶ್ನೆಯೂ ತಪ್ಪಲ್ಲ. ಆದರೆ ಆವತ್ತು ನನ್ನ ಬಾಯಿಂದ ಉತ್ತರ ಬರಲಿಲ್ಲ. ರೂಮಿಗೆ ಬಂದ ಮೇಲೆ ಹೊಳೆಯಿತು. ಆ ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾಳೆ ನಿಮ್ಮ ಊರಿಗೂ ಕೋಟು ಹಾಕಿಕೊಂಡವರು ಬಂದು ಇದೇ ಮಾತು ಆಡುತ್ತಾರೆ.

ಹೂಡುವುದು ಅಂದರೆ ಏನು?

‘ಹೂಡಿಕೆ’ ಅನ್ನುವ ಪದ ನಮ್ಮ ಹಳ್ಳಿಯದೇ. ನೇಗಿಲು ಹೂಡುತ್ತೇವೆ, ಬಂಡಿ ಹೂಡುತ್ತೇವೆ. ಹೂಡಬೇಕಾದರೆ ನೊಗ ಬೇಕು, ನೊಗಕ್ಕೆ ಹೆಗಲು ಕೊಡಲು ಎತ್ತು ಬೇಕು. ಪೇಟೆಯವರು ಈ ಪದ ತೆಗೆದುಕೊಂಡು ದುಡ್ಡಿಗೆ ಅಂಟಿಸಿದರು. ದುಡ್ಡು ತಂದವನು ಹೂಡಿಕೆದಾರ. ಸರಿ. ಹಾಗಾದರೆ ನೊಗ ಯಾರ ಹೆಗಲ ಮೇಲಿದೆ?

ಒಂದು ಉಕ್ಕಿನ ಕಾರ್ಖಾನೆಗೆ ಏನೇನು ಬೇಕು ಅಂತ ಲೆಕ್ಕ ಹಾಕಿ. ದುಡ್ಡು ಬೇಕು, ಅದನ್ನು ಕಂಪನಿ ತರುತ್ತದೆ. ಅದರಲ್ಲೂ ಬಹಳಷ್ಟು ಬ್ಯಾಂಕಿನ ಸಾಲ, ಅಂದರೆ ನೀವು ನಾವು ಇಟ್ಟ ಠೇವಣಿ. ಉಳಿದದ್ದೆಲ್ಲ ಎಲ್ಲಿಂದ ಬಂತು? ಭೂಮಿ ಊರಿನದು. ನೀರು ಊರ ಪಕ್ಕದ ಹೊಳೆಯದು. ಅದಿರು ಊರ ಬೆನ್ನಿಗಿರುವ ಬೆಟ್ಟದ್ದು. ಹೊಗೆ ನುಂಗುವ ಗಾಳಿ, ಬೂದಿ ಹೊರುವ ಹಳ್ಳ, ದೂಳು ಕುಡಿಯುವ ಪುಪ್ಪುಸ, ಇವೂ ಊರಿನವೇ. ಕಂಪನಿ ನಷ್ಟವಾದರೆ ಬೀಗ ಹಾಕಿಕೊಂಡು ಹೋಗುತ್ತದೆ, ದುಡ್ಡನ್ನು ಬೇರೆ ಕಡೆ ಹೂಡುತ್ತದೆ. ಊರು ಹೂಡಿದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಹಾಗಿದ್ದರೆ ದೊಡ್ಡ ಹೂಡಿಕೆದಾರ ಯಾರು? ನನ್ನ ಪ್ರಕಾರ ಹಳ್ಳಿ. ಆದರೆ ಕಾಗದದಲ್ಲಿ ಹಳ್ಳಿಯ ಹೆಸರು ‘ಸಂತ್ರಸ್ತರು’. ಅದಕ್ಕೆ ಸಿಗುವುದು ಲಾಭದ ಪಾಲಲ್ಲ, ‘ಪರಿಹಾರ’. ನೆರೆ ಬಂದು ಮನೆ ಬಿದ್ದವರಿಗೂ ಅದೇ ಪದ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಅಪ್ಪ ನಾಲ್ಕು ಎಕರೆಯಲ್ಲಿ ಎರಡು ಎಕರೆಯನ್ನು ಒಂದು ಕಾರ್ಖಾನೆಗೆ ಕೊಟ್ಟರು. ಬಂದ ದುಡ್ಡಿನಲ್ಲಿ ಸೊಸೈಟಿ ಸಾಲ ತೀರಿತು, ಅಕ್ಕನ ಮದುವೆ ಆಯಿತು, ಒಂದು ಬೈಕು ಬಂತು. ಮೂರು ವರ್ಷದಲ್ಲಿ ದುಡ್ಡು ಮುಗಿಯಿತು. ಮನೆಗೊಂದು ನೌಕರಿ ಅಂದಿದ್ದರು. ದೊಡ್ಡಪ್ಪನ ಮಗನಿಗೆ ಗುತ್ತಿಗೆದಾರನ ಕೈಕೆಳಗೆ ದಿನಗೂಲಿ ಸಿಕ್ಕಿತು. ಉಳಿದ ಎರಡು ಎಕರೆಯಲ್ಲಿ ಅವ್ವ ಹತ್ತಿ ಬಿಡಿಸಿ ಬಂದರೆ ಕೈ ಪೂರಾ ಕರಿ ಮಸಿ. ‘ಹತ್ತಿ ಬೆಳ್ಳಗಿಲ್ಲ’ ಅಂತ ಅಡತಿಯವನು ಕ್ವಿಂಟಲ್ಲಿಗೆ ದರ ಇಳಿಸುತ್ತಾನೆ. ಕೊಡದೇ ಉಳಿಸಿಕೊಂಡ ಹೊಲವೂ ಕಾರ್ಖಾನೆಗೆ ದುಡಿಯುತ್ತಿದೆ, ಪುಕ್ಕಟೆಯಾಗಿ.

ಚದರಡಿಗೆ 2 ರೂಪಾಯಿ 80 ಪೈಸೆ

ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ತೋರಣಗಲ್ಲು, ಕುರೇಕುಪ್ಪ ಭಾಗದ 3,667 ಎಕರೆ ಭೂಮಿಯನ್ನು ಜಿಂದಾಲ್ ಕಂಪನಿಗೆ ಮಾರುವ ವಿಷಯ ಮೂರು ಸರ್ಕಾರಗಳ ಕಾಲದಲ್ಲಿ ಗದ್ದಲ ಎಬ್ಬಿಸಿತು. 2021ರಲ್ಲಿ ಸಂಪುಟ ಒಪ್ಪಿ, ವಿರೋಧ ಬಂದ ಮೇಲೆ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ದರ ಎಷ್ಟು? ಸುಮಾರು 2,000 ಎಕರೆಗೆ ಎಕರೆಗೆ 1.22 ಲಕ್ಷ, ಉಳಿದದ್ದಕ್ಕೆ 1.50 ಲಕ್ಷ ರೂಪಾಯಿ.

ಒಂದು ಎಕರೆಗೆ 43,560 ಚದರಡಿ. 1.22 ಲಕ್ಷವನ್ನು ಭಾಗಿಸಿ ನೋಡಿ, ಚದರಡಿಗೆ 2 ರೂಪಾಯಿ 80 ಪೈಸೆ. ಆ ಹಿರಿಯರು ನನಗೆ ಕೊಡಿಸಿದ ಕಾಫಿಯ ದುಡ್ಡಿಗೆ ಸಂಡೂರಿನಲ್ಲಿ ಒಂದು ಮಂಚ ಹಾಕುವಷ್ಟು ಜಾಗ ಬರುತ್ತಿತ್ತು. ಹಳೆಯ ಗುತ್ತಿಗೆ ಮತ್ತು ಮಾರಾಟ ಒಪ್ಪಂದದಲ್ಲಿ ಬರೆದ ದರ ಇದು, ಮಾತು ಮುರಿಯಲಾಗದು ಅನ್ನುವುದು ಸರ್ಕಾರದ ಸಮರ್ಥನೆ. ಇರಬಹುದು. ಕಂಪನಿಗೆ ಕೊಟ್ಟ ಮಾತನ್ನು ಇಷ್ಟು ನಿಯತ್ತಾಗಿ ಉಳಿಸಿಕೊಳ್ಳುವ ಸರ್ಕಾರ, ರೈತನಿಗೆ ಕೊಟ್ಟ ಮಾತಿನ ವಿಷಯದಲ್ಲೂ ಅಷ್ಟೇ ನಿಯತ್ತು ತೋರಿಸಲಿ.

ಕಾಗದದ ಮೇಲಿನ ಲಕ್ಷ ಕೋಟಿ

2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. ಕೊರಿಯಾದ ಪೋಸ್ಕೊ, ಆರ್ಸೆಲರ್ ಮಿತ್ತಲ್ ಸಾವಿರಾರು ಕೋಟಿ ಸುರಿಯುತ್ತವೆ ಅಂದರು. ಮರುವರ್ಷವೇ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಪೋಸ್ಕೊಗಾಗಿ ಭೂಮಿ ಗುರುತಿಸಿದರು. ರೈತರು ಬೀದಿಗಿಳಿದರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಎರಡು ವರ್ಷದ ಬಳಿಕ ಕಂಪನಿಯೇ ಯೋಜನೆ ಕೈಬಿಟ್ಟಿತು. ಹಳ್ಳಿಗುಡಿಯ ಹೊಲ ಹಳ್ಳಿಗುಡಿಯವರ ಕೈಯಲ್ಲಿ ಉಳಿಯಿತು.

ಈಗ ಕುಡತಿನಿಗೆ ಬನ್ನಿ. ಬಳ್ಳಾರಿ ಹತ್ತಿರದ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರದ ಸುತ್ತ ಅದೇ ಕಾಲದಲ್ಲಿ ಆರ್ಸೆಲರ್ ಮಿತ್ತಲ್ ಸೇರಿ ಮೂರು ಕಂಪನಿಗಳ ಹೆಸರಿನಲ್ಲಿ 12 ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಕೆಐಎಡಿಬಿ ಸ್ವಾಧೀನ ಮಾಡಿಕೊಂಡಿತು. ಕಾರ್ಖಾನೆ ಬರಲೇ ಇಲ್ಲ. ಹೊಲ ಹೋಯಿತು, ನೌಕರಿ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ರೈತರು ಧರಣಿ ಕೂತರು. ನ್ಯಾಯವಾದ ಬೆಲೆ ಕೊಡಿ, ಕಾರ್ಖಾನೆ ಕಟ್ಟಿ, ಇಲ್ಲವೇ ಭೂಮಿ ವಾಪಸ್ ಕೊಡಿ ಅನ್ನುವುದು ಅವರ ಕೂಗು. ದಿನಗಳ ಲೆಕ್ಕ ಸಾವಿರ ದಾಟಿತು.

ಎರಡೂ ಊರಿಗೆ ಬಂದದ್ದು ಒಂದೇ ಸಮಾವೇಶದ ಬಿಸಿ. ಒಂದು ಊರು ಕೊಡಲಿಲ್ಲ, ಉಳಿಯಿತು. ಇನ್ನೊಂದು ನಂಬಿ ಕೊಟ್ಟಿತು, ಕೆಟ್ಟಿತು. ಅಭಿವೃದ್ಧಿಗೆ ಅಡ್ಡ ಬಂದವರು ಅಂತ ಬೈಸಿಕೊಳ್ಳುವುದು ಮಾತ್ರ ಇಬ್ಬರೂ. ನಂಬಿದವರೇ ಹೆಚ್ಚು ನಷ್ಟ ಅನುಭವಿಸುವ ವ್ಯವಹಾರಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ.

2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ ಈ ಅಂಕಿ 10.27 ಲಕ್ಷ ಕೋಟಿಗೆ ಏರಿತು. ಅದಾದ ಕೆಲವೇ ದಿನಕ್ಕೆ, ಫೆಬ್ರುವರಿ 24ರಂದು ಕೊಪ್ಪಳ ಬಂದ್. ಊರಿಗೆ ಅಂಟಿಕೊಂಡೇ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಗವಿಮಠದ ಸ್ವಾಮೀಜಿಯ ಜೊತೆ ಊರಿಗೆ ಊರೇ ನಡೆದು ಬಂತು. ಈಗಾಗಲೇ ಹೊಗೆ ಕುಡಿದು ಸಾಕಾದ ಜನ ಅವರು. ಬೆಂಗಳೂರಿನಲ್ಲಿ ಆ ಅಂಕಿಗೆ ಚಪ್ಪಾಳೆ ಹೊಡೆದವರ್ಯಾರೂ ಕೊಪ್ಪಳದಲ್ಲಿ ಬಟ್ಟೆ ಒಣಹಾಕಿ ನೋಡಿದವರಲ್ಲ.

ಬೆಟ್ಟಕ್ಕೆ ಎರಡನೇ ಬೆಳೆ ಇಲ್ಲ

ಹೊಲವಾದರೆ ಈ ವರ್ಷ ಹೋದರೆ ಮುಂದಿನ ವರ್ಷ ಬೆಳೆಯುತ್ತದೆ. ಬೆಟ್ಟ ಒಂದೇ ಸಲ ಬೆಳೆಯುವ ಬೆಳೆ. ಬಳ್ಳಾರಿಯಲ್ಲಿ ಅದನ್ನು ಹೇಗೆ ಮಾರಿದರು ಗೊತ್ತೇ? ಚೀನಾ ಮುಗಿಬಿದ್ದು ಕೊಳ್ಳುತ್ತಿದ್ದ ಕಾಲದಲ್ಲಿ ಟನ್ ಅದಿರಿಗೆ ಸಾವಿರಾರು ರೂಪಾಯಿ ಬೆಲೆ. 2009ರ ಆಗಸ್ಟ್‌ವರೆಗೆ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಇದು ಕಾನೂನುಬದ್ಧವಾಗಿ ಹೋದ ಅದಿರಿನ ಲೆಕ್ಕ. ಕದ್ದು ಹೋದದ್ದು ಬೇರೆ. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ಅಂದಿತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಕುದುರೆಮುಖದ ಕಥೆ ಇನ್ನೂ ಹಳೆಯದು. 1970ರ ದಶಕದಲ್ಲಿ ಇರಾನಿನ ದೊರೆ ಶಾ, ತನ್ನ ದೇಶದ ಉಕ್ಕಿನ ಕಾರ್ಖಾನೆಗೆ ಅದಿರು ಬೇಕು ಅಂತ ಸಾಲ ಕೊಡಲು ಒಪ್ಪಿದ. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ದೊರೆಯೇ ಬಿದ್ದುಹೋದ. ಹೊಸ ಇರಾನಿಗೆ ಅದಿರು ಬೇಡವಾಯಿತು. ಅಷ್ಟರಲ್ಲಿ ಇಲ್ಲಿ ಕಾಡು ಕಡಿದು, ಅಣೆಕಟ್ಟು ಕಟ್ಟಿ, ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ ಹಾಕುವ ಕೆಲಸ ನಡೆದಿತ್ತು. ಮಾಡಿದ ಖರ್ಚು ಹುಟ್ಟಬೇಕಲ್ಲ, ಬೆಟ್ಟ ಅಗೆಯುತ್ತಲೇ ಹೋದರು. ಭದ್ರಾ ಹೊಳೆಗೆ ಹೂಳು ತುಂಬಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಯಲ್ಲಿ ಗಣಿ ನಿಂತಿತು. ಎಲ್ಲೋ ಒಂದು ದೇಶದಲ್ಲಿ ಸಿಂಹಾಸನ ಅಲ್ಲಾಡಿದರೆ ಮಲೆನಾಡಿನ ಬೆಟ್ಟದ ಲೆಕ್ಕ ತಪ್ಪುತ್ತದೆ. ಆ ಕಂಪನಿಯ ಮುಖ್ಯ ಕಚೇರಿ ಇರುವುದು ನನ್ನ ಪಿಜಿಯಿಂದ ನಡೆದು ಹೋಗುವಷ್ಟು ದೂರದ ಕೋರಮಂಗಲದಲ್ಲಿ. ಬೆಟ್ಟ ಹೋಯಿತು, ಕಚೇರಿ ಉಳಿಯಿತು. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟ ಕೊಟ್ಟರೆ ಸುಮಾರು 99 ಸಾವಿರ ಮರ ಹೋಗುತ್ತವೆ ಅನ್ನುವುದೇ ಅಲ್ಲಿಯ ಜನರ ಹೋರಾಟಕ್ಕೆ ಕಾರಣ.

ಕೈ ಬದಲಾದರೂ ನೊಗ ಅದೇ

ಷೇರು ಪೇಟೆಯವರು ‘ಫ್ರಂಟಿಯರ್ ಮಾರ್ಕೆಟ್’ ಅನ್ನುತ್ತಾರೆ. ಇನ್ನೂ ಚೆನ್ನಾಗಿ ಬೆಳೆಯದ ದೇಶಗಳ ಮಾರುಕಟ್ಟೆ, ಅಪಾಯ ಜಾಸ್ತಿ, ಲಾಭವೂ ಜಾಸ್ತಿ ಅಂತ ಅರ್ಥ. ಯಾರಿಗೆ ಅಪಾಯ, ಯಾರಿಗೆ ಲಾಭ ಅಂತ ಅವರು ಬಿಡಿಸಿ ಹೇಳುವುದಿಲ್ಲ. ಅಂಥ ಜಾಗ ಹುಡುಕಿಕೊಂಡು ದೂರ ದೇಶಕ್ಕೆ ಹೋಗಬೇಕಿಲ್ಲ. ಜೆ.ಪಿ. ನಗರದಲ್ಲಿ ಕೂತು ಫಂಡಿಗೆ ದುಡ್ಡು ಹಾಕುವವರಿಗೆ ಸಂಡೂರು, ಕೊಪ್ಪಳವೇ ಅಂಥ ಮಾರುಕಟ್ಟೆ.

ಇದು ಹೊರಗಿನವರ ದ್ರೋಹ, ನಾವು ಪಾಪದವರು ಅಂತಲೂ ಅಂದುಕೊಳ್ಳಬೇಡಿ. ಗುಲಾಬಿ ಬೆಳೆದು ಹೆಸರು ಮಾಡಿದ ನಮ್ಮ ಬೆಂಗಳೂರಿನದೇ ಕರುತುರಿ ಕಂಪನಿ ಇಥಿಯೋಪಿಯಾದ ಗಾಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿ ಗುತ್ತಿಗೆ ಹಿಡಿಯಿತು. ಅಲ್ಲಿಯ ಅನುವಾಕ್ ಜನ ತಲೆಮಾರುಗಳಿಂದ ಬದುಕಿದ್ದ ಸೀಮೆ ಅದು. ಇದ್ದದ್ದರಲ್ಲಿ 1,200 ಹೆಕ್ಟೇರ್ ಮಾತ್ರ ಅಭಿವೃದ್ಧಿಯಾಗಿದೆ ಅಂತ ಹೇಳಿ 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅಲ್ಲಿಯವರಿಗೆ ನಾವೇ ಕೋಟು ಹಾಕಿಕೊಂಡು ಹೋದವರು. ಹಾಗಾಗಿ ಪ್ರಶ್ನೆ ದೇಶದ್ದಲ್ಲ, ಕರಾರಿನದು.

ಹಾಗಾದರೆ ಕಾರ್ಖಾನೆ ಬೇಡವೇ?

ಪಾರ್ಕಿನ ಹಿರಿಯರು ಕೇಳಿದ್ದು ಇದನ್ನೇ. ನೀವು ಇದನ್ನು ಓದುತ್ತಿರುವ ಫೋನಿನಲ್ಲೂ ಯಾವುದೋ ಊರಿನ ಗಣಿಯ ತಾಮ್ರ ಇದೆ. ನಮ್ಮ ಟ್ರಾಕ್ಟರಿನಲ್ಲಿ ಉಕ್ಕು ಇದೆ. ತೋರಣಗಲ್ಲಿನಲ್ಲಿ ಸಾವಿರಾರು ಮನೆಯ ಒಲೆ ಉರಿಯುತ್ತಿರುವುದು ಕಾರ್ಖಾನೆಯಿಂದಲೇ. ಮಳೆ ಕೈಕೊಟ್ಟ ವರ್ಷ ನಮ್ಮ ಹುಡುಗರು ಗುಳೆ ಹೋಗುವುದೂ ಸುಳ್ಳಲ್ಲ. ಹಾಗಾಗಿ ಕಾರ್ಖಾನೆಯೇ ಬೇಡ ಅನ್ನುವವನು ನಾನಲ್ಲ. ನನ್ನ ತಕರಾರು ಕರಾರಿನ ಮೇಲೆ.

ನಮ್ಮ ಊರಲ್ಲಿ ಹೊಲ ಮಾಡಲಾಗದವರು ಏನು ಮಾಡುತ್ತಾರೆ? ಲಾವಣಿಗೆ ಕೊಡುತ್ತಾರೆ, ಇಲ್ಲವೇ ಪಾಲಿಗೆ ಕೊಡುತ್ತಾರೆ. ಲಾವಣಿಯಾದರೆ ವರ್ಷಕ್ಕಿಷ್ಟು ದುಡ್ಡು. ಪಾಲಾದರೆ ಬೆಳೆಯಲ್ಲಿ ಭಾಗ. ಎರಡರಲ್ಲೂ ಪಹಣಿ ನಮ್ಮ ಹೆಸರಲ್ಲೇ ಇರುತ್ತದೆ. ಮಾಡುವವನು ಬೀಳುಬಿಟ್ಟರೆ ಮುಂದಿನ ಯುಗಾದಿಗೆ ಹೊಲ ವಾಪಸ್. ಅಕ್ಷರ ಬಾರದ ಅಜ್ಜನಿಗೂ ಗೊತ್ತಿರುವ ಈ ಕರಾರು ಕಂಪನಿ ಬಂದ ಕೂಡಲೇ ಯಾಕೆ ಮರೆತುಹೋಗುತ್ತದೆ?

ಆಗದ ಮಾತು ಅನ್ನುವವರು ತುಮಕೂರು ಜಿಲ್ಲೆಯ ಪಾವಗಡ ನೋಡಲಿ. ಅಲ್ಲಿನ ಸೋಲಾರ್ ಪಾರ್ಕ್ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ ತಯಾರಿಸುತ್ತದೆ. ಭೂಮಿಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ. ಅಲ್ಲೂ ಒಂದು ತಪ್ಪಾಯಿತು. ಹೊಲ ಇದ್ದವರಿಗೆ ಬಾಡಿಗೆ ಬಂತು, ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವರಿಗೆ ಕೂಲಿಯೇ ಹೋಯಿತು. ಪಾಲು ಅಂದರೆ ಅವರಿಗೂ ಇರಬೇಕು. ಊರು ಅಂದರೆ ಪಹಣಿ ಇದ್ದವರು ಮಾತ್ರ ಅಲ್ಲ.

ಇನ್ನೂ ದೂರದ್ದು ಬೇಕೇ? ಕುರಿ, ಒಂಟೆ ಮೇಯಿಸುವ ಜನರ ದೇಶ ಮಂಗೋಲಿಯಾ. ಅಲ್ಲಿನ ಗೋಬಿ ಮರುಭೂಮಿಯ ಓಯು ತೊಲ್ಗೊಯ್ ತಾಮ್ರದ ಗಣಿಯಲ್ಲಿ ರಿಯೊ ಟಿಂಟೊ ಕಂಪನಿಗೆ ಶೇ 66, ಮಂಗೋಲಿಯಾ ಸರ್ಕಾರಕ್ಕೆ ಶೇ 34ರಷ್ಟು ಪಾಲು. ಆದರೆ ಆ ಪಾಲಿಗೆ ಹಾಕಬೇಕಾದ ದುಡ್ಡನ್ನೂ ಕಂಪನಿಯೇ ಸಾಲ ಕೊಟ್ಟು, ಸಾಲಕ್ಕೆ ಬಡ್ಡಿ ಬೆಳೆದು, ಲಾಭ ಕೈಗೆ ಬರುವುದೇ ಕಷ್ಟವಾಯಿತು. ದೇಶ ಪಟ್ಟು ಹಿಡಿದ ಮೇಲೆ 2022ರಲ್ಲಿ ಸುಮಾರು 240 ಕೋಟಿ ಡಾಲರ್ ಸಾಲ ಮನ್ನಾ ಮಾಡಿಸಿಕೊಂಡಿತು. ಪಾಲು ಬರೆಸಿಕೊಂಡರೆ ಸಾಲದು, ಲೆಕ್ಕ ಓದಲೂ ಕಲಿಯಬೇಕು.

ನಾವು ಕೇಳಬೇಕಾದದ್ದು

ಒಂದು, ಭೂಮಿ ಮಾರಾಟ ಬೇಡ. ಲಾವಣಿ ಕೊಡಿ, ಎರಡು ವರ್ಷಕ್ಕೊಮ್ಮೆ ಏರುವ ಲಾವಣಿ. ಭೂಮಿ ಇಲ್ಲದ ಮನೆಗಳಿಗೂ ಅದರಲ್ಲಿ ಭಾಗ.

ಎರಡು, ಬಳಸದ ಭೂಮಿ ವಾಪಸ್. 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಭೂಮಿ ತೆಗೆಯಲು ಶೇ 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕು ಅನ್ನುತ್ತದೆ. ಐದು ವರ್ಷ ಬಳಸದಿದ್ದರೆ ಮೂಲ ಮಾಲೀಕನಿಗೋ ಸರ್ಕಾರದ ಭೂ ಬ್ಯಾಂಕಿಗೋ ಮರಳಬೇಕು ಅನ್ನುತ್ತದೆ. ನಮ್ಮಲ್ಲಿ ಭೂಮಿ ಹೋಗುವುದು 1966ರ ಕೆಐಎಡಿಬಿ ಕಾಯ್ದೆಯ ಬಾಗಿಲಿನಿಂದ. ಅಲ್ಲಿ ಈ ಒಪ್ಪಿಗೆಯ ಮಾತಿಲ್ಲ. ಆ ಬಾಗಿಲಿಗೂ ಈ ಚಿಲಕ ಹಾಕಿ. ಮರಳುವ ಭೂಮಿ ಬ್ಯಾಂಕಿಗಲ್ಲ, ರೈತನಿಗೇ ಮರಳಲಿ.

ಮೂರು, ಜಿಲ್ಲಾ ಖನಿಜ ಪ್ರತಿಷ್ಠಾನದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ. 2015ರಿಂದ ಹಳೆಯ ಗಣಿಗಳು ರಾಜಧನದ ಮೇಲೆ ಶೇ 30, ಹರಾಜಾದ ಗಣಿಗಳು ಶೇ 10ರಷ್ಟು ಹೆಚ್ಚುವರಿ ಹಣವನ್ನು ಈ ನಿಧಿಗೆ ಕಟ್ಟುತ್ತಿವೆ. ಅದು ಗಣಿಬಾಧಿತ ಊರಿನ ದುಡ್ಡು. ಅದರಲ್ಲಿ ನಮ್ಮೂರಿಗೆ ಎಷ್ಟು ಬಂತು ಅಂತ ನಿಮ್ಮ ಪಂಚಾಯಿತಿ ಸದಸ್ಯರನ್ನು ಕೇಳಿ ನೋಡಿ.

ನಾಲ್ಕು, ಬೆಂಗಳೂರಿನಲ್ಲಿ ಸಹಿ ಬೀಳುವ ಮೊದಲು ಊರಿನಲ್ಲಿ ಓದಿ ಹೇಳಿ. ದೊಡ್ಡ ಕಾರ್ಖಾನೆ, ಗಣಿಗೆ ಪರಿಸರ ಅನುಮತಿ ಕೇಳುವಾಗ ಸಾರ್ವಜನಿಕ ಅಹವಾಲು ಸಭೆ ಮಾಡಲೇಬೇಕು. ಅದಕ್ಕೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ಕೊನೆಗೆ ಜನ ಹೇಳಿದ್ದನ್ನೆಲ್ಲ ಕನ್ನಡದಲ್ಲೇ ಓದಿ ಹೇಳಬೇಕು. ಊಟದ ಪೊಟ್ಟಣ ತೆಗೆದುಕೊಂಡು ಬೇಗ ಎದ್ದು ಬರಬೇಡಿ. ಆ ಕೊನೆಯ ಓದು ಮುಗಿಯುವವರೆಗೂ ಕೂತಿರಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಎದ್ದು ನಿಂತು ಹೇಳಿ.

ಇದೆಲ್ಲ ಕೇಳಿದರೆ ಹೂಡಿಕೆದಾರರು ಆಂಧ್ರಕ್ಕೋ ತಮಿಳುನಾಡಿಗೋ ಹೋಗುತ್ತಾರೆ ಅಂತ ಹೆದರಿಸುತ್ತಾರೆ. ದುಡ್ಡು ಎಲ್ಲಿಗೆ ಬೇಕಾದರೂ ಹೋದೀತು. ಅದಿರಿನ ಬೆಟ್ಟ ಎದ್ದು ಹೋಗುವುದಿಲ್ಲ. ಬೆಟ್ಟ ಬೇಕಾದವರು ಬೆಟ್ಟ ಇದ್ದಲ್ಲಿಗೇ ಬರಬೇಕು. ಚೌಕಾಸಿಯಲ್ಲಿ ನಮ್ಮ ಕೈ ಮೇಲಿದೆ, ನಮಗೇ ಗೊತ್ತಿಲ್ಲ ಅಷ್ಟೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರಿಗೆ ಗೊತ್ತಿತ್ತು. 13 ಹಳ್ಳಿಯ 1,777 ಎಕರೆಗಾಗಿ 2022ರ ಏಪ್ರಿಲ್‌ನಿಂದ ಕೂತರು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು.

ಪಾರ್ಕಿನ ಹಿರಿಯರೇ, ನೀವು ಎಲ್ಲಾದರೂ ಇದನ್ನು ಓದಿದರೆ ನನ್ನ ಉತ್ತರ ಇಷ್ಟು. ನಮ್ಮ ಜನ ಹೂಡಿಕೆಗೆ ವಿರೋಧ ಇಲ್ಲ ಸಾರ್. ನಮ್ಮಷ್ಟು ಹೂಡಿದವರು ಯಾರೂ ಇಲ್ಲ. ನಿಮ್ಮ ಫಂಡಿನವರು ವರ್ಷಕ್ಕೊಮ್ಮೆ ನಿಮಗೆ ಲೆಕ್ಕ ಕಳಿಸುತ್ತಾರಲ್ಲ, ಅಂಥ ಒಂದು ಕಾಗದ ನಮ್ಮಪ್ಪನಿಗೂ ಬರಲಿ ಅಂತ ಕೇಳುತ್ತಿದ್ದೇವೆ. ಬರದಿದ್ದರೆ ಹೊಲ ಕೊಡುವುದಿಲ್ಲ. ನಮ್ಮೂರ ಹೆಸರು ಯಾವುದೋ ಬಸ್ಸಿನ ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಅಕ್ಷರವಾಗಿ ಉಳಿಯುವುದು ನಮಗೆ ಬೇಡ.